ಅಪ್ಪನಿಗೆ ಆರು ಕಾಯಿಲೆ, ಸರ್ಟಿಫಿಕೇಟ್‌ನಲ್ಲಿ ಮಾತ್ರ ಶೇ 36

ಪ್ರಶ್ನೆ: ಸರ್, ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ನಾನು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ 64 ವರ್ಷ, ಇನ್ನು ಐದು ತಿಂಗಳಿಗೆ 65 ತುಂಬುತ್ತದೆ. ಜೀವನವೆಲ್ಲ ಶೇಂಗಾ ಹೊಲದಲ್ಲಿ ದುಡಿದವರು. ಬೋರ್‌ವೆಲ್ ನೀರು ಕುಡಿದು ಫ್ಲೋರೈಡ್‌ನಿಂದ ಬೆನ್ನು, ಕುತ್ತಿಗೆ ಬಿಗಿದುಕೊಂಡಿವೆ. ಹದಿನೈದು ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಎರಡು ವರ್ಷದ ಹಿಂದೆ ಗ್ಯಾಂಗ್ರೀನ್ ಆಗಿ ಬಲಗಾಲಿನ ಐದೂ ಬೆರಳು ತೆಗೆದರು. ಎಡ ಮಂಡಿ ಪೂರ್ತಿ ಮಡಚುವುದಿಲ್ಲ. ಎಡಗಣ್ಣು ಮಂಜಾಗಿ ಲೇಸರ್ ಮಾಡಿಸಿದ್ದೇವೆ. ಇಷ್ಟೆಲ್ಲಾ ಇದ್ದರೂ ಎರಡು ತಿಂಗಳ ಹಿಂದೆ ಮೆಡಿಕಲ್ ಬೋರ್ಡ್ ಕೊಟ್ಟ ಅಂಗವೈಕಲ್ಯದ ಸರ್ಟಿಫಿಕೇಟ್‌ನಲ್ಲಿ ಶೇ 36 ಅಂತ ಬಂದಿದೆ. ಅಂಗವಿಕಲರ ಪಿಂಚಣಿಗೆ 40 ಬೇಕಂತೆ. ನಮ್ಮ ಬೀದಿಯಲ್ಲೇ ಇನ್ನೊಬ್ಬರಿಗೆ ಮಂಡಿ ಕೆಳಗೆ ಕಾಲಿಲ್ಲ, ಆದರೆ ಕೃತಕ ಕಾಲು ಹಾಕಿಕೊಂಡು ಟಿವಿಎಸ್ ಓಡಿಸುತ್ತಾರೆ, ಅವರಿಗೆ 60 ಕೊಟ್ಟಿದ್ದಾರೆ. ನಾಲ್ಕು ಪರ್ಸೆಂಟ್‌ಗೆ ಬೇಕಂತಲೇ ನಿಲ್ಲಿಸಿದ್ದಾರೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಹದಿನೈದು ಸಾವಿರ ಕೊಟ್ಟರೆ 45 ಮಾಡಿಸಿಕೊಡುತ್ತೇನೆ ಅಂತ ಒಬ್ಬ ಬಂದಿದ್ದ. ಅಂಗವಿಕಲರ ಪಿಂಚಣಿ ಬರುತ್ತದಲ್ಲ ಅಂತ ವೃದ್ಧಾಪ್ಯ ವೇತನಕ್ಕೂ ಅರ್ಜಿ ಹಾಕಿಲ್ಲ. ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಜೊತೆ ಕಳಿಸಿದ ಸರ್ಟಿಫಿಕೇಟ್ ಮತ್ತು ಕಣ್ಣಿನ ಕ್ಯಾಂಪ್‌ನ ಚೀಟಿ ಎರಡನ್ನೂ ನೋಡಿದೆ. ನಾನು ಮೂಳೆ ಡಾಕ್ಟರ್. ತುಮಕೂರು, ಕೋಲಾರ ಎರಡೂ ಕಡೆ ಮೆಡಿಕಲ್ ಬೋರ್ಡ್‌ನಲ್ಲಿ ಕೂತಿದ್ದೇನೆ. ನೀವು ಬರೆದಂಥ ಮಾತನ್ನು ಮೇಜಿನ ಆ ಕಡೆಯಿಂದ ನೂರಾರು ಸಲ ಕೇಳಿದ್ದೇನೆ. 'ಇಷ್ಟು ಕಾಯಿಲೆ ಇದೆ, ಇಷ್ಟೇನಾ ಪರ್ಸೆಂಟು?' ಕೇಳುವವರ ಸಿಟ್ಟು ಸುಳ್ಳಲ್ಲ. ಆದರೆ ಲೆಕ್ಕ ಹೇಗೆ ನಡೆಯುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಬೋರ್ಡ್ ಕೂರುವ ದಿನ ಹೊರಗೆ ನೂರು ಜನ ಕಾಯುತ್ತಿರುವಾಗ ನಾವೂ ಹೇಳುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಬೋರ್ಡ್ ಕಾಯಿಲೆಗೆ ಅಂಕ ಕೊಡುವುದಿಲ್ಲ. ಕಾಯಿಲೆ ಬಂದು, ಚಿಕಿತ್ಸೆ ಎಲ್ಲ ಮುಗಿದ ಮೇಲೆ ಮೈಯಲ್ಲಿ ಖಾಯಂ ಆಗಿ ಏನು ಕಡಿಮೆಯಾಗಿ ಉಳಿದಿದೆ, ಅದಕ್ಕೆ ಅಂಕ. ಶುಗರ್‌ಗೆ ಅಂಕವಿಲ್ಲ, ಶುಗರ್‌ನಿಂದ ಹೋದ ಬೆರಳಿಗೆ ಇದೆ. ಬಿಪಿಗೆ ಇಲ್ಲ, ಬಿಪಿಯಿಂದ ಪಾರ್ಶ್ವವಾಯು ಹೊಡೆದು ಕೈ ಬಿದ್ದರೆ ಆ ಕೈಗೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. ಹೊಸ ಪಟ್ಟಿಗೆ ಪಾರ್ಕಿನ್ಸನ್, ಥಲಸ್ಸೀಮಿಯ, ಆಸಿಡ್ ದಾಳಿಯ ಗಾಯ ಎಲ್ಲ ಸೇರಿದವು. ಆದರೆ ಶುಗರ್, ಬಿಪಿ, ಹೃದಯದ ಕಾಯಿಲೆ, ಕಿಡ್ನಿ ಫೇಲ್ ಆಗಿರುವುದು, ಕ್ಯಾನ್ಸರ್ ಇವು ಅದರಲ್ಲಿ ಇಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು ಬೋರ್ಡ್‌ಗೆ ಬಂದು ಬರಿಗೈಯಲ್ಲಿ ವಾಪಸ್ ಹೋಗುವುದನ್ನು ನೋಡಿದ್ದೇನೆ. ಅವರಿಗಿಂತ ಕಷ್ಟಪಡುವವರು ಯಾರು? ಆದರೂ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಡಾಕ್ಟರ್ ಅಂಕ ಹಾಕುವಂತಿಲ್ಲ. ಇದು ಸರಿ ಅಂತ ನಾನು ಹೇಳುತ್ತಿಲ್ಲ, ಇರುವುದು ಹೀಗೆ.

ಫ್ಲೋರೋಸಿಸ್ ಕೂಡ ಹೆಸರು ಹಿಡಿದು ಪಟ್ಟಿಯಲ್ಲಿ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಇದನ್ನು ನಂಬುವುದೇ ಕಷ್ಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಮಾನಕ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಇದನ್ನು ದಾಟಿವೆ. ಹತ್ತಾರು ವರ್ಷ ಅಂಥ ನೀರು ಕುಡಿದರೆ ಮೂಳೆ ಗಟ್ಟಿಯಾಗಿ ದಪ್ಪವಾಗುತ್ತದೆ, ಮೂಳೆಗಳನ್ನು ಕಟ್ಟಿಹಿಡಿಯುವ ನಾರಿನಲ್ಲೂ ಸುಣ್ಣ ಕೂರುತ್ತದೆ. ಬೆನ್ನು ಬೊಂಬಿನ ಹಾಗೆ ಆಗುತ್ತದೆ. ಹಿಂದಿನಿಂದ ಕೂಗಿದರೆ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ನಿಮ್ಮ ಅಪ್ಪನೂ ಹಾಗೇ ನೋಡುತ್ತಾರೇನೋ. ಈಗ ಊರಿಗೆ ಶುದ್ಧ ನೀರಿನ ಘಟಕ ಬಂದು ಕಾಯಿನ್ ಹಾಕಿ ಕ್ಯಾನ್ ಹಿಡಿಯುತ್ತಿರಬಹುದು. ಒಮ್ಮೆ ಕೂತ ಸುಣ್ಣ ಮಾತ್ರ ಅದರಿಂದ ಕರಗುವುದಿಲ್ಲ. ಇಲ್ಲೂ ಲೆಕ್ಕ ಅದೇ. 'ಫ್ಲೋರೈಡ್' ಅಂತ ಬರೆದ ರಿಪೋರ್ಟ್‌ಗೆ ಅಂಕವಿಲ್ಲ, ಕುತ್ತಿಗೆ ಎಷ್ಟು ತಿರುಗುತ್ತದೆ, ಸೊಂಟ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಇದೆ. ಅದನ್ನು ಚಲನೆಯ ಅಂಗವೈಕಲ್ಯ ಅಂತ ಅಳೆಯುತ್ತಾರೆ.

ಈಗ ನಿಮ್ಮ ಬೀದಿಯವರ ವಿಷಯ. ಅಂಗ ಕತ್ತರಿಸಿದ್ದರೆ ಎಲ್ಲಿಂದ ಕತ್ತರಿಸಿದ್ದಾರೆ ಅನ್ನುವುದರ ಮೇಲೆ ಅಂಕ ನಿಗದಿಯಾಗಿದೆ. ಮಂಡಿಯ ಕೆಳಗೆ ಹೋಗಿದ್ದರೆ, ಉಳಿದಿರುವ ಮೊಂಡು ಕಾಲಿನ ಉದ್ದ ನೋಡಿ 60ರಿಂದ 70. ಕೃತಕ ಕಾಲು ಹಾಕಿಕೊಂಡು ಅವರು ಗಾಡಿ ಓಡಿಸಲಿ, ಬೆಟ್ಟ ಹತ್ತಲಿ, ಅಂಕ ಕಡಿಮೆಯಾಗುವುದಿಲ್ಲ. ಕಾಲು ಇಲ್ಲ ಅನ್ನುವುದು ಸುಳ್ಳಾಗುವುದಿಲ್ಲವಲ್ಲ. ಒಂದು ಪಾದದ ಎಲ್ಲ ಬೆರಳು ಹೋಗಿದ್ದರೆ 20, ಹೆಬ್ಬೆರಳು ಮಾತ್ರ ಆದರೆ 10. ಅವರಿಗೆ ಸಿಕ್ಕಿದ್ದು ಅನ್ಯಾಯದ ಅಂಕವಲ್ಲ, ನಿಮ್ಮ ಅಪ್ಪನ ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ನಿಯಮ ಬೇರೆ. ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಅಂತ ನೋಡುತ್ತಾರೆ. ಕಿವಿಗೆ ಮಿಷನ್ ತೆಗೆದಿಟ್ಟು ನೋಡುತ್ತಾರೆ. ಒಂದಕ್ಕೊಂದು ಹೋಲಿಸಿದರೆ ತಲೆ ಕೆಡುತ್ತದೆ.

ಇನ್ನು 36 ಹೇಗೆ ಬಂತು? ಸರ್ಟಿಫಿಕೇಟ್‌ನಲ್ಲಿ ಎರಡೇ ಸಂಗತಿ ಬರೆದಿದ್ದಾರೆ. ಬಲಪಾದದ ಬೆರಳುಗಳು, ಎಡ ಮಂಡಿಯ ಬಿಗಿತ. ಬೆರಳಿಗೆ 20, ಮಂಡಿಗೆ 20 ಅಂತ ಇದೆ. ನೀವು ಕೂಡಿಸಿದರೆ 40. ಬೋರ್ಡ್ ಕೂಡಿಸಿದರೆ 36. ಊರಿನವರು ನಾಲ್ಕು ಪರ್ಸೆಂಟ್ ಕದ್ದರು ಅನ್ನುವುದು ಇಲ್ಲೇ.

ನಿಮ್ಮಪ್ಪ ಜಮೀನಿನ ಲೆಕ್ಕ ಬಲ್ಲವರು, ಹಾಗೇ ಹೇಳುತ್ತೇನೆ. ನಿಮಗೆ 90 ಗುಂಟೆ ಇದೆ ಅಂತಿಟ್ಟುಕೊಳ್ಳಿ. ಮೊದಲ ಮಳೆಗೆ 20 ಗುಂಟೆ ಕೊಚ್ಚಿಕೊಂಡು ಹೋಯಿತು. ಉಳಿದದ್ದು 70. ಎರಡನೇ ಮಳೆಯೂ ಅಷ್ಟೇ ಜೋರು, 90ಕ್ಕೆ 20ರ ಹಾಗೆ ಕೊಚ್ಚುವಂಥದ್ದು. ಆದರೆ ಕೊಚ್ಚಲು ಈಗ ಇರುವುದೇ 70 ಗುಂಟೆ. 70ರಲ್ಲಿ ಆ ಪಾಲು ಅಂದರೆ ಹದಿನೈದೂವರೆ ಚಿಲ್ಲರೆ. ಒಟ್ಟು ಹೋದದ್ದು ಮೂವತ್ತೈದೂವರೆ ಚಿಲ್ಲರೆ, ಅಂದರೆ 36. ಸೂತ್ರವಾಗಿ ಹೇಳುವುದಾದರೆ: ದೊಡ್ಡ ಅಂಕವನ್ನು ಇಟ್ಟುಕೊಳ್ಳಿ, 90ರಿಂದ ಅದನ್ನು ಕಳೆಯಿರಿ, ಬಂದದ್ದನ್ನು ಸಣ್ಣ ಅಂಕದಿಂದ ಗುಣಿಸಿ 90ರಿಂದ ಭಾಗಿಸಿ, ದೊಡ್ಡದಕ್ಕೆ ಕೂಡಿಸಿ. ಇದು ನಮ್ಮ ಜಿಲ್ಲೆಯ ಬೋರ್ಡ್ ಮಾಡಿಕೊಂಡ ನಿಯಮವಲ್ಲ. ಅಂಗವೈಕಲ್ಯ ಅಳೆಯುವ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇರುವ ಸೂತ್ರ. 2018ರ ಜನವರಿಯಲ್ಲಿ ಹೊರಬಂದ ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಪರಿಷ್ಕರಣೆ ಆಗಿದೆ.

ಹಾಗಾಗಿ ನಿಮ್ಮ ವಿಷಯದಲ್ಲಿ ಲಂಚಕ್ಕಾಗಿ ನಿಲ್ಲಿಸಿದರು ಅನ್ನುವುದಕ್ಕೆ ಕಾಗದದಲ್ಲಿ ಆಧಾರ ಕಾಣುವುದಿಲ್ಲ. ಲಂಚವೇ ಇಲ್ಲ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ಇದೆ. ಒಂದು ಆಸ್ಪತ್ರೆಯಲ್ಲಿ ನನ್ನ ಸಹಿಯನ್ನೇ ಯಾರೋ ಹಾಕಿ ಕೊಟ್ಟ ಸರ್ಟಿಫಿಕೇಟ್ ಕೈಗೆ ಸಿಕ್ಕಿ, ನಾನೇ ಹೋಗಿ ಹೇಳಿಕೆ ಕೊಟ್ಟು ಬಂದಿದ್ದೇನೆ. ಆದರೆ ನಿಮ್ಮ 36 ಲೆಕ್ಕಕ್ಕೆ ಸರಿಯಾಗಿದೆ.

ಸರಿಯಿಲ್ಲದಿರುವುದು ಬೇರೆ. ಆ ಕಾಗದದಲ್ಲಿ ಬೆನ್ನಿನ ಮಾತೇ ಇಲ್ಲ. ಕಣ್ಣಿನ ಮಾತೂ ಇಲ್ಲ. ಅಳೆದು ಸೊನ್ನೆ ಕೊಟ್ಟಿದ್ದಲ್ಲ, ಅಳೆದೇ ಇಲ್ಲ.

ಯಾಕೆ ಹೀಗಾಗುತ್ತದೆ ಅಂತ ನನ್ನ ಅನುಭವ ಹೇಳುತ್ತೇನೆ. ಅರ್ಜಿ ಹಾಕುವಾಗ ಸೈಬರ್ ಸೆಂಟರ್‌ನ ಹುಡುಗ 'ಏನು ತೊಂದರೆ?' ಅಂತ ಕೇಳುತ್ತಾನೆ. 'ಕಾಲು' ಅನ್ನುತ್ತೀರಿ. ಅವನು ಚಲನೆಯ ಅಂಗವೈಕಲ್ಯ ಅಂತ ಒಂದು ಟಿಕ್ ಹಾಕುತ್ತಾನೆ. ಅರ್ಜಿ ನೇರವಾಗಿ ಮೂಳೆ ಡಾಕ್ಟರ್ ಹತ್ತಿರ ಬರುತ್ತದೆ. ಮೂಳೆ ಡಾಕ್ಟರ್ ಕಣ್ಣು ನೋಡುವುದಿಲ್ಲ, ನೋಡುವ ಅಧಿಕಾರವೂ ಅವರಿಗಿಲ್ಲ. ಕಾಲಿಗೆ ಬ್ಯಾಂಡೇಜ್ ಕಂಡರೆ ಕಾಲು ನೋಡುತ್ತಾರೆ, ಮುಂದಿನವರನ್ನು ಕರೆಯುತ್ತಾರೆ.

ಇನ್ನೊಂದು ಕಾರಣ ನಿಮ್ಮಪ್ಪನೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ. ನಾಟಕ ಮಾಡಿ ಜಾಸ್ತಿ ಪರ್ಸೆಂಟ್ ಹೊಡೆಯುವವರ ಕತೆ ಎಲ್ಲರೂ ಹೇಳುತ್ತಾರೆ. ನಾನು ಜಾಸ್ತಿ ನೋಡಿರುವುದು ಇದರ ಉಲ್ಟಾ. ಅರವತ್ತು ದಾಟಿದ ರೈತರು ಬೋರ್ಡ್‌ಗೆ ಬರುವಾಗ ಮದುವೆಗೆ ಬರುವ ಹಾಗೆ ಬಿಳಿ ಪಂಚೆ ಉಟ್ಟು ಬರುತ್ತಾರೆ. 'ಕೆಳಗೆ ಕೂರೋಕೆ ಆಗುತ್ತಾ ಯಜಮಾನ್ರೇ?' ಅಂದರೆ 'ಆಗ್ತದೆ ಸ್ವಾಮಿ' ಅನ್ನುತ್ತಾರೆ. ಮನೆಯಲ್ಲಿ ಗೋಡೆ ಹಿಡಿದು, ಹೆಂಡತಿಯ ಭುಜ ಹಿಡಿದು ಕೂರುತ್ತಾರೆ, ಏಳಲು ಇಬ್ಬರು ಬೇಕು. ಅದನ್ನು ಹೇಳುವುದಿಲ್ಲ. ಎದುರಿಗಿರುವ ಡಾಕ್ಟರ್ ಮಗನ ವಯಸ್ಸಿನವನು, ಅವನ ಮುಂದೆ ಆಗಲ್ಲ ಅನ್ನಲು ನಾಚಿಕೆ. ಒಮ್ಮೆ ಕೊರಟಗೆರೆ ಕಡೆಯ ಒಬ್ಬರು ಎಲ್ಲದಕ್ಕೂ 'ಆಗ್ತದೆ' ಅಂದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳಲು ಬಾಗಲಾರದೆ ನಿಂತೇ ಇದ್ದರು. ಸೊಸೆ ಬಗ್ಗಿ ಹಾಕಿದಳು. ವಾಪಸ್ ಕರೆದು ಮತ್ತೆ ಅಳೆದೆ. ಆ ದಿನ ನನಗೆ ಬಾಗಿಲು ಕಾಣುವ ಕಡೆ ಕುರ್ಚಿ ಇತ್ತು, ಅಷ್ಟೇ. ಇಲ್ಲದಿದ್ದರೆ ಅವರೂ ಕಡಿಮೆ ಅಂಕದಲ್ಲೇ ಮನೆಗೆ ಹೋಗುತ್ತಿದ್ದರು.

ಕಾಲಿನ ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ ಅಂತ ತಿಳಿದಿದ್ದರೆ ಹೇಳುವುದು ಸುಲಭ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಗೋನಿಯೋಮೀಟರ್ ಇಟ್ಟು ಅಳೆಯುತ್ತಾರೆ. ಅದು ಎರಡು ಕಡ್ಡಿಯ ಕೋನಮಾಪಕ, ಮೋಸ ಮಾಡಲು ಬರುವುದಿಲ್ಲ. ಸ್ನಾಯುವಿನ ಬಲ ನೋಡುತ್ತಾರೆ. ಆಮೇಲೆ ಒಂಬತ್ತು ಕೆಲಸ. ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ತೊಂದರೆ ಇರುವ ಕಾಲೊಂದರ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಂಬಕ್ಕಳ ಹಾಕುವುದು, ಮಂಡಿಯೂರುವುದು, ತಿರುಗಿ ನಡೆಯುವುದು. ಒಂದೊಂದಕ್ಕೆ ಹತ್ತರಂತೆ 90. ಆ 90 ಮೇಲಿನ ಸೂತ್ರದಲ್ಲೂ ಇದೆ, ಗಮನಿಸಿದಿರಾ?

ಇದರಲ್ಲಿ 'ನೋವು' ಎಲ್ಲಿ ಅಂತ ನೀವು ಕೇಳಬಹುದು. ಕಾಲಿನ ಲೆಕ್ಕದಲ್ಲಿ ನೋವಿಗೆ ಸ್ವಲ್ಪ ಅಂಕ ಉಂಟು, ಆದರೆ ಒಂದಂಕಿ ದಾಟುವುದಿಲ್ಲ. ಹೊಲದ ಕೆಲಸ ಆಗುವುದಿಲ್ಲ ಅನ್ನುವುದಕ್ಕಂತೂ ಜಾಗವೇ ಇಲ್ಲ. ಇದು ಬಹಳ ಜನರಿಗೆ ಗೊಂದಲ. ಫ್ಯಾಕ್ಟರಿಯಲ್ಲಿ ಪೆಟ್ಟಾದರೆ ಅಥವಾ ರಸ್ತೆ ಅಪಘಾತದ ಕೇಸಿನಲ್ಲಿ ಕೋರ್ಟ್ ದುಡಿಮೆ ಎಷ್ಟು ಹೋಯಿತು ಅಂತ ನೋಡುತ್ತದೆ. ಅಲ್ಲಿ ಒಂದು ಬೆರಳು ಹೋದ ದರ್ಜಿಗೂ, ಒಂದು ಬೆರಳು ಹೋದ ಮೇಷ್ಟರಿಗೂ ವ್ಯತ್ಯಾಸ ಇದೆ. ಮೆಡಿಕಲ್ ಬೋರ್ಡ್‌ಗೆ ಆ ವ್ಯತ್ಯಾಸ ಇಲ್ಲ. ಶೇಂಗಾ ಕೀಳಲು ದಿನವಿಡೀ ಬಗ್ಗಬೇಕಾದವರ ಬೆನ್ನೂ ಒಂದೇ, ಕುರ್ಚಿಯಲ್ಲಿ ಕೂರುವವರ ಬೆನ್ನೂ ಒಂದೇ.

ಈಗ ಕಣ್ಣಿಗೆ ಬರೋಣ. ನೀವು ಕಳಿಸಿದ ಕ್ಯಾಂಪ್‌ನ ಚೀಟಿಯಲ್ಲಿ ಬಲಗಣ್ಣು 6/12, ಎಡಗಣ್ಣು 6/36 ಅಂತ ಇದೆ. 6/6 ಅಂದರೆ ಸರಿಯಾದ ದೃಷ್ಟಿ, ಕೆಳಗಿನ ಅಂಕಿ ಹೆಚ್ಚಿದಷ್ಟೂ, ಮೇಲಿನದು ಇಳಿದಷ್ಟೂ ಕಾಣುವುದು ಕಡಿಮೆ. ಚೆನ್ನಾಗಿರುವ ಕಣ್ಣು 6/18ಕ್ಕಿಂತ ಕಡಿಮೆ ಇಲ್ಲದೆ, ಇನ್ನೊಂದು 6/18 ಮತ್ತು 6/60ರ ನಡುವೆ ಇದ್ದರೆ 10 ಅಂಕ. ಅದು 6/60ಕ್ಕಿಂತ ಕೆಳಗಿಳಿದರೆ 20. 3/60ಕ್ಕಿಂತ ಕೆಳಗೆ, ಅಥವಾ ಆ ಕಣ್ಣು ಪೂರ್ತಿ ಹೋಗಿದ್ದರೂ 30. ಹೌದು, ಒಂದು ಕಣ್ಣು ಪೂರ್ತಿ ಇಲ್ಲದವರಿಗೂ ಇನ್ನೊಂದು ಚೆನ್ನಾಗಿದ್ದರೆ 30 ಅಷ್ಟೇ. ನಿಮ್ಮ ಅಪ್ಪನ ಚೀಟಿಯ ಪ್ರಕಾರ 10. ಅದನ್ನು 36ರ ಜೊತೆ ಸೂತ್ರಕ್ಕೆ ಹಾಕಿ: 90ರಿಂದ 36 ಕಳೆದರೆ 54. 10ರಿಂದ ಗುಣಿಸಿ 90ರಿಂದ ಭಾಗಿಸಿದರೆ 6. ಒಟ್ಟು 42.

ತಕ್ಷಣ ಖುಷಿಪಡಬೇಡಿ. ಚೀಟಿಯಲ್ಲಿ ಬರೆದದ್ದು ಕನ್ನಡಕ ಹಾಕಿ ನೋಡಿದ್ದೋ ಹಾಕದೆ ನೋಡಿದ್ದೋ ತಿಳಿಯುವುದಿಲ್ಲ. ಹಾಕದೆ ನೋಡಿದ್ದಾದರೆ ಕನ್ನಡಕ ಹಾಕಿದ ಮೇಲೆ ಅಂಕ ಸೊನ್ನೆಯೂ ಆಗಬಹುದು. ಮಂಜಿಗೆ ಕಾರಣ ಪೊರೆ ಆಗಿದ್ದರೆ, ಮೊದಲು ಪೊರೆ ತೆಗೆಸಿಕೊಂಡು ಬನ್ನಿ ಅನ್ನುತ್ತಾರೆ. ಸರಿಹೋಗುವ ತೊಂದರೆಗೆ ಖಾಯಂ ಅಂಕ ಕೊಡುವುದಿಲ್ಲ. ಕೊಡಬಾರದು ಕೂಡ. ಪಿಂಚಣಿಗಾಗಿ ಪೊರೆಯನ್ನು ಉಳಿಸಿಕೊಂಡವರನ್ನು ನೋಡಿದ್ದೇನೆ, ಅಂಥ ದಡ್ಡತನ ಮಾಡಬೇಡಿ. ಶುಗರ್‌ನಿಂದ ಕಣ್ಣಿನ ಒಳಪರದೆ ಹಾಳಾಗಿ, ಲೇಸರ್ ಆದ ಮೇಲೂ ಉಳಿದ ಮಂಜು ಆದರೆ ಅದು ಲೆಕ್ಕಕ್ಕೆ ಬರುತ್ತದೆ.

ಬೆನ್ನಿಗೂ ಹೀಗೇ. ಬೆನ್ನು, ಕುತ್ತಿಗೆ, ಮುಂಗೈಯ ಎಕ್ಸ್‌ರೇ ತೆಗೆಸಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂತಿದ್ದರೆ ಫ್ಲೋರೋಸಿಸ್‌ಗೆ ಅದು ದೊಡ್ಡ ಸಾಕ್ಷಿ. ಸಾಕ್ಷಿ ಅಂಕ ಕೊಡುವುದಿಲ್ಲ, ಆದರೆ ಬಿಗಿತ ನಿಜ, ಖಾಯಂ ಅಂತ ಬೋರ್ಡ್‌ಗೆ ಖಾತ್ರಿ ಮಾಡುತ್ತದೆ. ಇಲ್ಲೊಂದು ಮಾತು, ಪಿಂಚಣಿಗೆ ಸಂಬಂಧವಿಲ್ಲದ್ದು. ಅಪ್ಪನಿಗೆ ಕಾಲು ಎಳೆಯುವುದು, ಜೋಮು ಹಿಡಿಯುವುದು, ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು, ಮೂತ್ರ ತಡೆಯಲಾಗದಿರುವುದು ಇವುಗಳಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿದ್ದರೆ ಬೋರ್ಡ್ ಆಮೇಲೆ. ಮೊದಲು ನರರೋಗದ ಡಾಕ್ಟರ್ ಹತ್ತಿರ ಹೋಗಿ. ಗಟ್ಟಿಯಾದ ಬೆನ್ನುಮೂಳೆ ಒಳಗಿನ ನರವನ್ನು ಒತ್ತುತ್ತಿರಬಹುದು. ಶುಗರ್‌ನಿಂದಲೂ ಪಾದ ಜೋಮು ಹಿಡಿಯುತ್ತದೆ, ಅದಕ್ಕೇ 'ಇದು ಶುಗರ್ರೇ ಬಿಡಿ' ಅಂತ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ತಡಮಾಡಿದರೆ ಹೋದ ಬಲ ವಾಪಸ್ ಬರುವುದಿಲ್ಲ.

ಹಾಗಾದರೆ ದಾರಿ ಯಾವುದು? ಅದಕ್ಕೆ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ನಿಮಗೆ 40 ಬೇಕಾಗಿರುವುದು ಯಾತಕ್ಕೆ?

ಪಿಂಚಣಿಗೆ ಅಂತ ಬರೆದಿದ್ದೀರಿ. ನಮ್ಮ ರಾಜ್ಯದಲ್ಲಿ ಶೇ 40ರಿಂದ 75ರೊಳಗಿನವರಿಗೆ ಸಿಗುವ ಅಂಗವಿಕಲ ವೇತನ ತಿಂಗಳಿಗೆ 800 ರೂಪಾಯಿ. 75 ದಾಟಿದವರಿಗೆ 1,400. ನಿಮ್ಮ ಅಪ್ಪ 75 ಮುಟ್ಟುವ ಮಾತಿಲ್ಲ. 60 ತುಂಬಿದ ಬಡವರಿಗೆ ಬರುವ ವೃದ್ಧಾಪ್ಯ ವೇತನವೂ 800. 65 ತುಂಬಿದರೆ ಸಂಧ್ಯಾ ಸುರಕ್ಷಾ 1,200. ಎರಡು ಪಿಂಚಣಿ ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ಈ ನಾಲ್ಕು ಪರ್ಸೆಂಟ್‌ಗೆ ನೀವು ಹೊಡೆದಾಡಿ ಗೆದ್ದರೂ ಸಿಗುವುದು 800. ಇನ್ನು ಐದು ತಿಂಗಳು ಬಿಟ್ಟು, ಯಾವ ಡಾಕ್ಟರ್ ಮುಂದೂ ಕುಕ್ಕರಗಾಲಲ್ಲಿ ಕೂರದೆ ಸಿಗುವುದು 1,200. ಅಂಗವಿಕಲ ಪಿಂಚಣಿ ಬರುತ್ತದೆ ಅಂತ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕದೆ ಕೂತಿರಲ್ಲ, ಪತ್ರದಲ್ಲಿ ನನಗೆ ಸಂಕಟವಾದ ಸಾಲು ಅದೇ. ನಾಲ್ಕು ವರ್ಷದ ಹಣ ಸುಮ್ನೆ ಹೋಯಿತು.

ಅದಕ್ಕೆ ಹೋಬಳಿಯ ನಾಡಕಚೇರಿಗೆ ಹೋಗಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಇವತ್ತೇ ನೋಡಿ. ನಮ್ಮ ಕಡೆ ಅರ್ಧ ಜನ ಜನವರಿ 1ಕ್ಕೆ ಹುಟ್ಟಿದವರು. ಆದಾಯಕ್ಕೆ ಮಿತಿ ಇದೆ ಅನ್ನುವುದೂ ನೆನಪಿರಲಿ. ತಿರುಮಣಿ ಸುತ್ತಮುತ್ತ ಜಮೀನು ಸೋಲಾರ್ ಪಾರ್ಕ್‌ಗೆ ಗುತ್ತಿಗೆ ಕೊಟ್ಟವರು ಎಕರೆಗೆ ಶುರುವಿನಲ್ಲಿ ವರ್ಷಕ್ಕೆ 21 ಸಾವಿರದ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಅದೂ ಆದಾಯವೇ. ನಿಮ್ಮ ಜಮೀನು ಅದರಲ್ಲಿ ಇದ್ದರೆ ಮುಚ್ಚಿಡಬೇಡಿ.

ಪಿಂಚಣಿ ಬಿಟ್ಟು ಬೇರೆ ಕಾರಣಕ್ಕೆ 40 ಬೇಕೆಂದರೆ ಮಾತು ಬೇರೆ. ಸಾರಿಗೆ ಬಸ್ಸಿನ ರಿಯಾಯಿತಿ ಪಾಸ್‌ಗೆ 40 ಬೇಕು, ಅದು ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ. ಡ್ರೆಸಿಂಗ್‌ಗೆ, ಶುಗರ್ ಚೆಕಪ್‌ಗೆ ಅಂತ ಮಧುಗಿರಿಗೂ ಪಾವಗಡಕ್ಕೂ ಓಡಾಡುವವರಿಗೆ ಅದು ಪಿಂಚಣಿಗಿಂತ ಉಪಯೋಗ. ಕೇಂದ್ರ ಸರ್ಕಾರದ ಕ್ಯಾಂಪ್‌ಗಳಲ್ಲಿ ಗಾಲಿಕುರ್ಚಿ, ಊರುಗೋಲು ಸಿಗುವುದಕ್ಕೂ 40 ಕೇಳುತ್ತಾರೆ. ನೀವು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ, ನಿಮ್ಮನ್ನೇ ನಂಬಿರುವ ಅಪ್ಪನ ಹೆಸರಲ್ಲಿ 75 ಸಾವಿರದ ವಿನಾಯಿತಿ ಇದೆ, ಅದಕ್ಕೂ 40. ನಿಮ್ಮ ಸಂಬಳಕ್ಕೆ ಬಹುಶಃ ಅದು ಬೇಕಾಗಲಿಕ್ಕಿಲ್ಲ.

ಇವು ಬೇಕು ಅನ್ನಿಸಿದರೆ ಎರಡು ಬಾಗಿಲಿದೆ. ಒಂದು ಮೇಲ್ಮನವಿ. ಸರ್ಟಿಫಿಕೇಟ್‌ನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಬಂದ ದಿನದಿಂದ 90 ದಿನದೊಳಗೆ ಹಾಕಬಹುದು. ನಿಮಗೆ ಎರಡು ತಿಂಗಳು ಕಳೆದಿದೆ, ಒಂದು ತಿಂಗಳಷ್ಟೇ ಉಳಿದಿದೆ. ಯಾರಿಗೆ ಬರೆಯಬೇಕು ಅಂತ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಇನ್ನೊಂದು, ಬಿಟ್ಟುಹೋದ ಕಣ್ಣು ಮತ್ತು ಬೆನ್ನನ್ನು ಸೇರಿಸಿ ಅಳೆಯಿರಿ ಅಂತ ಕೇಳುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ಹಿಡಿಯುತ್ತಿದ್ದೆ. ಕೂಡಿಸಿದ್ದು ತಪ್ಪಾಗಿಲ್ಲ, ನೋಡದೆ ಬಿಟ್ಟಿದ್ದು ತಪ್ಪು.

ಮರುಪರೀಕ್ಷೆಗೆ ಅಪಾಯವೂ ಇದೆ. ಮತ್ತೆ ಅಳೆದಾಗ ಅಂಕ ಏರಲೇಬೇಕು ಅಂತೇನಿಲ್ಲ. ಬೆರಳಿನ 20 ಎಲ್ಲೂ ಹೋಗುವುದಿಲ್ಲ. ಮಂಡಿ ಹಾಗಲ್ಲ. ಈ ನಡುವೆ ಫಿಸಿಯೋಥೆರಪಿ ಮಾಡಿ ಸ್ವಲ್ಪ ಸಡಿಲವಾಗಿ 10ಕ್ಕೆ ಇಳಿದರೆ, ಬೆರಳು ಮಂಡಿ ಸೇರಿ 28. ಕಣ್ಣಿನ 10 ಸೇರಿದರೂ 35. ಇದ್ದ 36 ಕೂಡ ಹೋಯಿತು. ಇದು ಹೇಳಿ ಹೆದರಿಸುತ್ತಿಲ್ಲ, ಹೋಗುವ ಮುಂಚೆ ತಿಳಿದಿರಲಿ ಅಂತ.

ಆ 36ರ ಸರ್ಟಿಫಿಕೇಟ್ ವೇಸ್ಟಲ್ಲ. 2024ರ ತಿದ್ದುಪಡಿಯ ನಂತರ ಯುಡಿಐಡಿ ಕಾರ್ಡ್‌ಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಮೂರು ಬಣ್ಣ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡ್‌ಗೆ ದುಡ್ಡು ಬರುವುದಿಲ್ಲ, ಸರಿ. ಆದರೆ ಇವತ್ತಿನ ತಾರೀಖಿಗೆ ಅಪ್ಪನ ಕಾಲು ಎಷ್ಟಿತ್ತು ಅನ್ನುವುದಕ್ಕೆ ಅದು ದಾಖಲೆ. ಶುಗರ್‌ನಿಂದ ಕಾಲು ಕೆಡುವುದು ಹೇಳಿ ಕೇಳಿ ಬರುವುದಿಲ್ಲ. ನಾಳೆ ಹೆಚ್ಚಾದರೆ ಹಳೆಯದನ್ನು ತೋರಿಸಿ ಹೊಸದಾಗಿ ಅಳೆಸಬಹುದು.

ಮತ್ತೆ ಅಳೆಸುವ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲೇ ಹಾಕಬೇಕು. ಸೈಬರ್ ಸೆಂಟರ್ ಹುಡುಗನಿಗೆ ಇನ್ನೂರು ಕೊಡುವ ಬದಲು ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ, ಗ್ರಾಮ ಪಂಚಾಯಿತಿಗೊಬ್ಬರು ಇರುತ್ತಾರೆ. ಅವರು ಸಾಮಾನ್ಯವಾಗಿ ಸ್ವತಃ ವಿಕಲಚೇತನರು, ಈ ದಾರಿಯಲ್ಲಿ ತಾವೇ ನಡೆದು ಬಂದವರು. ಬೋರ್ಡ್ ಯಾವ ದಿನ ಕೂರುತ್ತದೆ, ಕಣ್ಣಿನ ಡಾಕ್ಟರ್ ಅವತ್ತು ಇರುತ್ತಾರಾ ಅಂತ ಅವರ ಹತ್ತಿರ ಫೋನ್ ಮಾಡಿಸಿ ಕೇಳಿ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬಂದು 'ಡಾಕ್ಟರ್ ರಜೆ' ಅಂತ ಕೇಳುವುದು ಬೇಡ.

ಹದಿನೈದು ಸಾವಿರದವನ ಬಗ್ಗೆ ಎರಡೇ ಮಾತು. ಅವನು ಕೊಡುವುದು ಆನ್‌ಲೈನ್‌ನಲ್ಲಿ ಇಲ್ಲದ ಕಾಗದವಾಗಿರಬಹುದು, ಪಿಂಚಣಿ ಕಚೇರಿಯಲ್ಲಿ ನಂಬರ್ ಒತ್ತಿದ ಕೂಡಲೇ ಬಣ್ಣ ಬಯಲಾಗುತ್ತದೆ. ಸುಳ್ಳು ಸರ್ಟಿಫಿಕೇಟ್‌ನಿಂದ ಸವಲತ್ತು ಪಡೆದರೆ 2016ರ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಅವನಲ್ಲ, ಕಾಗದದಲ್ಲಿ ಹೆಸರಿರುವ ನಿಮ್ಮಪ್ಪ.

ಬೋರ್ಡ್‌ಗೆ ಹೋಗುವ ದಿನ ಅಪ್ಪನಿಗೆ ಪಂಚೆ ಬೇಡ, ಮಂಡಿ ಮೇಲಕ್ಕೆ ಸುಲಭವಾಗಿ ಸರಿಯುವ ಚಡ್ಡಿಯೋ ಲುಂಗಿಯೋ ಇರಲಿ. ಬೆರಳು ತೆಗೆದಾಗಿನ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಲೇಸರ್ ಮಾಡಿದ ಚೀಟಿ, ಈಗಿನ ಕನ್ನಡಕ ಎಲ್ಲ ಒಂದೇ ಚೀಲದಲ್ಲಿಡಿ. 'ಆಗುತ್ತಾ?' ಅಂತ ಕೇಳಿದರೆ ಆಗುತ್ತೆ, ಆಗಲ್ಲ ಅಂತಷ್ಟೇ ಹೇಳಬಾರದು ಅಂತ ಅಪ್ಪನಿಗೆ ಮೊದಲೇ ಹೇಳಿ. ಹೇಗೆ ಆಗುತ್ತೆ ಅಂತ ಹೇಳಲಿ. ಗೋಡೆ ಹಿಡಿದಾ, ಯಾರಾದರೂ ಎಬ್ಬಿಸಬೇಕಾ, ಎಷ್ಟು ಹೊತ್ತು ನಿಲ್ಲಬಹುದು. ಅವರು ಹೇಳದಿದ್ದರೆ ನೀವು ಹೇಳಿ. ಇದ್ದದ್ದನ್ನು ಇದ್ದ ಹಾಗೆ, ಒಂದು ಕೂದಲೆಳೆ ಜಾಸ್ತಿಯೂ ಬೇಡ.

ಶುಗರ್ ಇರುವವರು, ಬೆಳಿಗ್ಗೆ ತಿಂಡಿ ಮಾತ್ರೆ ತಪ್ಪಿಸಿ ಸಾಲಿನಲ್ಲಿ ನಿಲ್ಲಿಸಬೇಡಿ. ಕಣ್ಣಿನ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಂಜು ಮಂಜು. ಬೆರಳಿಲ್ಲದ ಪಾದದಲ್ಲಿ, ಕಾಣದ ಕಣ್ಣಿನಲ್ಲಿ ಬಸ್ ಸ್ಟ್ಯಾಂಡ್‌ನ ಮೆಟ್ಟಿಲು ಇಳಿಯುವುದು ಬೇಡ, ಆಟೋ ಮಾಡಿಕೊಳ್ಳಿ.